ನಾಲಂದೆಯಲ್ಲಿ ವಿದೇಶೀಯ ವಿದ್ಯಾರ್ಥಿಗಳ ಶಿಕ್ಷಣಕ್ರಮ

ಪ್ರಾಚೀನ ಭಾರತದ ವಿದ್ಯಾಪೀಠಗಳು ಪರದೇಶದವರಿಗೆ ತೋರಿದ ಆದರವನ್ನು ಚರಿತ್ರಕಾರರು ಬಹುವಾಗಿ ಕೊಂಡಾಡಿರುವರು. ಆದರೆ ಆದರಮಾತ್ರದಿಂದ ಯಾವನೂ ಪಂಡಿತನಾಗಲಾರನು. ದೂರದಿಂದ ಬಂದವನನ್ನು ಶಾಸ್ತ್ರಾಧಿಕಾರಿಯನ್ನಾಗಿ ಮಾಡಿದ ಬೋಧನಕ್ರಮವಾವುದು ಎಂಬುದೇ ಇಲ್ಲಿ ವಿಚಾರಣೀಯವಾದ ಅಂಶ. ಕ್ರಿ. ಶ. 7ನೆಯ ಶತಮಾನದ ಚೀನೀ ಯಾತ್ರಿಕರ ಬರಹಗಳು ಇದಕ್ಕೆ ಮುಖ್ಯಾಧಾರಗಳು.

ನಾಲಂದೆಯ ಪ್ರವೇಶವು ಸುಲಭವಾಗಿರಲಿಲ್ಲ. ವಾದಾರ್ಥಿಗಳಾಗಿ ಬಂದ ಪರಸ್ಥಳದವರನ್ನು ದ್ವಾರಪಾಲಕನು ಪ್ರಶ್ನಿಸುತ್ತಿದ್ದನೆಂದೂ, ಹತ್ತರಲ್ಲಿ ಏಳೆಂಟು ಮಂದಿ ಸೋತು ಹಿಂದಿರುಗುತ್ತಿದ್ದರೆಂದೂ ಹ್ಯೂಯೆನ್‌ತ್ಸಾಂಗನು ಬರೆದಿರುವನು. ವಿಭಕ್ತಿಪ್ರತ್ಯಯಗಳೇ ಇಲ್ಲದ ಭಾಷೆಯಲ್ಲಿ ಬೆಳೆದ ಚೀನೀಯನಿಗೆ ಇಂತಹ ಪರೀಕ್ಷೆಯು ಮುಚ್ಚಿದ ಬಾಗಿಲೇ ಆಗಬಹುದಾಗಿತ್ತು. ಹಾಗಾಗದಿರಲು ಕಾರಣವನ್ನು ಬಾಗಿಲಿನ ಹೊರಗೆ ಹುಡುಕಬೇಕು.

671ರಲ್ಲಿ ಸ್ವದೇಶವನ್ನು ಬಿಟ್ಟ ಇತ್ಸಿಂಗನು ನೇರವಾಗಿ ನಾಲಂದೆಗೆ ಬರಲಿಲ್ಲ. ಸುಮಾತ್ರದ ಶ್ರೀವಿಜಯದಲ್ಲಿ ಆರು ತಿಂಗಳು ನಿಂತು ಶಬ್ದವಿದ್ಯೆಯನ್ನು ಅಭ್ಯಾಸಮಾಡಿದನು. 673ರಲ್ಲಿ ತಾಮ್ರಲಿಪ್ತಿಯನ್ನು ಸೇರಿ, ಅಲ್ಲಿ ಸ್ವದೇಶೀಯನಾದ ಹಿರಿಯ ಭಿಕ್ಷುವೊಬ್ಬನ ಸಂಗಡ ಒಂದು ವರ್ಷ ಸಂಸ್ಕೃತವನ್ನು ಕಲಿತನು. ನಾಲಂದೆಯ ಹತ್ತು ವರ್ಷಗಳ ವ್ಯಾಸಂಗವು ಇದಾದ ಮೇಲಿನದು. ಭಾರತಕ್ಕೆ ಹೋಗುವವರು ಮೊದಲು ಶ್ರೀವಿಜಯದಲ್ಲಿ ಒಂದೆರಡು ವರ್ಷ ನಿಂತು ಆಚಾರನಿಯಮಗಳನ್ನು ರೂಢಿಸಿಕೊಳ್ಳಬೇಕೆಂದು ಅವನು ಉಪದೇಶಿಸಿರುವನು. ಭಾಷೆ, ಆಚಾರ ಎಂಬ ಎರಡು ಕ್ಲೇಶಗಳೂ ಹೀಗೆ ಮಾರ್ಗದಲ್ಲಿಯೇ ಲಘುವಾಗುತ್ತಿದ್ದುವು.

ಎರಡನೆಯ ಸಾಧನವು ವ್ಯಾಕರಣದ ಸೋಪಾನಕ್ರಮ. ಆರನೆಯ ವಯಸ್ಸಿನಲ್ಲಿ ಅಕ್ಷರಾಭ್ಯಾಸ, ಎಂಟರಲ್ಲಿ ಪಾಣಿನಿಯ ಸೂತ್ರಪಾಠ, ಹತ್ತರಿಂದ ಮೂರು ವರ್ಷ ಖಿಲಪಾಠಗಳು, ಹದಿನೈದರಿಂದ ಐದು ವರ್ಷ ವೃತ್ತಿಗ್ರಂಥ ಎಂದು ಇತ್ಸಿಂಗನು ಈ ದೇಶದ ಬಾಲಕರ ಪಾಠಕ್ರಮವನ್ನು ವಿವರಿಸಿರುವನು. ಚೀನೀಯರೂ ಮೊದಲು ಈ ವೃತ್ತಿಯನ್ನೇ ಕಲಿಯಬೇಕು, ಇಲ್ಲದಿದ್ದರೆ ಶ್ರಮವೆಲ್ಲವೂ ವ್ಯರ್ಥವೆಂಬುದು ಅವನ ಅಭಿಪ್ರಾಯ. ವಿದೇಶೀಯನಿಗಾಗಿ ಅವನು ಹಗುರವಾದ ಬೇರೆ ಪಾಠವನ್ನು ಸೂಚಿಸಿಲ್ಲವೆಂಬುದು ಗಮನಾರ್ಹವಾಗಿದೆ.

ಮೂರನೆಯದು ಆವೃತ್ತಿ ಮತ್ತು ಅಧ್ಯಾಪನ. ಸುಮಾರು 637ರಲ್ಲಿ ನಾಲಂದೆಗೆ ಬಂದ ಹ್ಯೂಯೆನ್‌ತ್ಸಾಂಗನಿಗೆ ವೃದ್ಧನಾದ ಶೀಲಭದ್ರನು ಯೋಗಾಚಾರಶಾಸ್ತ್ರವನ್ನು ಹದಿನೈದು ತಿಂಗಳು ವ್ಯಾಖ್ಯಾನಿಸಿದನು. ಶಿಷ್ಯನು ಅದನ್ನು ಮೂರು ಸಲ ಕೇಳಿದನೆಂದು ಅವನ ಚರಿತ್ರೆಯಿಂದ ತಿಳಿದುಬರುತ್ತದೆ. ಬಳಿಕ ಗುರುವಿನ ಆಜ್ಞೆಯಂತೆ ಆತನೇ ಸಂಘಕ್ಕೆ ಮಹಾಯಾನಸಂಗ್ರಹವನ್ನು ಬೋಧಿಸಿದನು. ಪರದೇಶಿಯನ್ನು ಉಪಾಧ್ಯಾಯಪೀಠದಲ್ಲಿ ಕುಳ್ಳಿರಿಸಿದುದಕ್ಕಿಂತ ಮಿಗಿಲಾದ ಸಮ್ಮಾನವು ಯಾವುದು!

ಅಶನವಸತಿಗಳ ಚಿಂತೆಯೂ ವಿದ್ಯಾರ್ಥಿಗಿರಲಿಲ್ಲ. 9ನೆಯ ಶತಮಾನದಲ್ಲಿ ಸುವರ್ಣದ್ವೀಪದ ಬಾಲಪುತ್ರದೇವನು ನಾಲಂದೆಯಲ್ಲಿ ವಿಹಾರವನ್ನು ಕಟ್ಟಿಸಲು, ಪಾಲರಾಜನಾದ ದೇವಪಾಲನು ಅದಕ್ಕೆ ಐದು ಗ್ರಾಮಗಳನ್ನು ದತ್ತಿಬಿಟ್ಟನೆಂಬುದು 1921ರಲ್ಲಿ ದೊರೆತ ತಾಮ್ರಶಾಸನದಿಂದ ಸ್ಪಷ್ಟಪಡುತ್ತದೆ. ಚತುರ್ದಿಕ್ಕುಗಳ ಭಿಕ್ಷುಗಳ ಯೋಗಕ್ಷೇಮವೂ ಗ್ರಂಥಲೇಖನವೂ ಆ ದತ್ತಿಯ ಉದ್ದೇಶಗಳಲ್ಲಿ ಸೇರಿದ್ದುವು.

ಇಷ್ಟಾದರೂ ಸರ್ವರೂ ಕೃತಾರ್ಥರಾಗಲಿಲ್ಲ. ಇತ್ಸಿಂಗನು ಚರಿತ್ರೆ ಬರೆದ ಯಾತ್ರಿಕರಲ್ಲಿ ಅನೇಕರು ಸ್ವದೇಶವನ್ನು ಮರಳಿ ಕಾಣಲಿಲ್ಲ. ಕೊರಿಯದ ಆರ್ಯವರ್ಮನು ನಾಲಂದೆಯಲ್ಲಿಯೇ ಕಾಲವಾದನು. ಆದುದರಿಂದ ಇಷ್ಟನ್ನು ನಿರ್ಣಯಿಸಬಹುದು: ನಾಲಂದೆಯ ಕೀರ್ತಿಗೆ ಅದರ ದ್ವಾರದ ಕಾಠಿನ್ಯವೊಂದೇ ಕಾರಣವಲ್ಲ. ದ್ವಾರಕ್ಕೆ ಮುನ್ನ ಸಿದ್ಧತೆ, ಒಳಗೆ ಸಮಾನಪಾಠ, ಗುರುವಿನ ಸಾವಧಾನ ಇವು ಮೂರೂ ಕೂಡಿದಲ್ಲಿ ಕಾಠಿನ್ಯವು ಗುಣವಾಯಿತು. ಇವಿಲ್ಲದ ವಿದ್ಯಾಪೀಠದಲ್ಲಿ ಅದು ಬರಿಯ ನಿರಾಕರಣವೇ ಸರಿ.