ನೆಲದ ತಂಡಿ: ಶಿವಮೊಗ್ಗ, ಭದ್ರಾವತಿಯ ಮನೆಗಳಲ್ಲಿ

ಶಿವಮೊಗ್ಗ ಸೀಮೆಯ ಹಳೆಯ ಮನೆಗಳಲ್ಲಿ ನೆಲದಡಿ ಟೊಳ್ಳು ಬಿಡುವ ರೂಢಿ ಇರಲಿಲ್ಲ. ಚಳಿ ದೇಶಗಳಲ್ಲಿ ಹಲಗೆ ನೆಲದ ಕೆಳಗೆ ಸಂದು ಬಿಟ್ಟು, ಅಲ್ಲಿ ಶಾಖ ತಡೆಯುವ ಹಾಸು ತುಂಬುತ್ತಾರೆ. ಮಲೆನಾಡಿನಲ್ಲಿ ಮಣ್ಣಿಗೆ ತಾಗಿ ಹಲಗೆ ಹಾಸುವುದೆಂದರೆ ಗೆದ್ದಲಿಗೆ ಔತಣ ಕೊಟ್ಟಂತೆ. ಅಲ್ಲದೆ ಇಲ್ಲಿ ತಡೆಯಬೇಕಿದ್ದುದು ಚಳಿಗಿಂತ ಹೆಚ್ಚಾಗಿ ತಂಡಿಯನ್ನು.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಬಯಲುಸೀಮೆಯ ಅಂಚಿನ ಶಿವಮೊಗ್ಗ, ಭದ್ರಾವತಿಗಳಿಗೆ ಅದರ ಸಣ್ಣ ಪಾಲಷ್ಟೇ ಸಿಗುತ್ತದೆ. ಆದರೂ ತುಂಗೆ, ಭದ್ರೆ ತುಂಬಿ ಹರಿಯುವ ಆಷಾಢ, ಶ್ರಾವಣದಲ್ಲಿ ತಗ್ಗಿನ ಮನೆಗಳ ನೆಲದಲ್ಲಿ ಜಲ ಏಳುತ್ತದೆ. ಇದಕ್ಕೆ ಹಿಂದಿನವರು ಕಂಡುಕೊಂಡ ಮೊದಲ ಉಪಾಯ ಎತ್ತರ. ಕಲ್ಲು ಅಥವಾ ಜಂಬಿಟ್ಟಿಗೆಯಲ್ಲಿ ಪಾಯ ಎಬ್ಬಿಸಿ, ಒಳಗೆ ಮಣ್ಣು ತುಂಬಿ ದಿಮ್ಮಿಸುತ್ತಿದ್ದರು. ಅಂಗಳದಿಂದ ಜಗಲಿಗೆ, ಜಗಲಿಯಿಂದ ನಡುಮನೆಗೆ ಮೆಟ್ಟಿಲೇರಿ ಹೋಗಬೇಕು. ಮರದ ಕಂಬವನ್ನೂ ಮಣ್ಣಿನಲ್ಲಿ ಹೂಳದೆ ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದರು.

ದಿಮ್ಮಿಸಿದ ಮಣ್ಣಿನ ಮೇಲೆ ಸಗಣಿ ಸಾರಣೆ. ಸಗಣಿಯನ್ನು ನೀರಿನಲ್ಲಿ ಕದಡಿ, ಅಡಿಕೆಯ ಹಾಳೆಕಡಿಯಿಂದ ಹಿಂದಕ್ಕೆ ಸರಿಯುತ್ತ ಬಳಿಯುವ ಈ ಕೆಲಸ ಹೆಚ್ಚಾಗಿ ಹೆಂಗಸರ ಪಾಲಿಗೇ ಬರುತ್ತಿತ್ತು. ನೆಲ ಕಪ್ಪಗೆ ಕಾಣಲೆಂದು ಇದ್ದಿಲ ಪುಡಿ ಬೆರೆಸುವುದಿತ್ತು. ಟಾರ್ಚು ಬಂದ ಮೇಲೆ ಹಳೆಯ ಸೆಲ್ಲು ಒಡೆದು ಅದರ ಮಸಿಯನ್ನೂ ಹಾಕತೊಡಗಿದರು. ಸೆಲ್ಲಿನ ರಾಸಾಯನಿಕ ಬರಿಗೈಗೆ ಒಳ್ಳೆಯದಲ್ಲವೆಂಬ ಯೋಚನೆ ಆಗ ಇರಲಿಲ್ಲ. ಇಂಥ ನೆಲ ನೀರನ್ನು ಪೂರ್ತಿ ತಡೆಯುತ್ತಿರಲಿಲ್ಲ. ಕೆಳಗಿನಿಂದ ಏರಿದ ತೇವ ನೆಲದುದ್ದಕ್ಕೂ ಸ್ವಲ್ಪಸ್ವಲ್ಪವಾಗಿ ಆರಿಹೋಗಲು ದಾರಿ ಕೊಡುತ್ತಿತ್ತು, ಅಷ್ಟೆ.

ಅಡಿಯಲ್ಲಿ ಗಾಳಿಯಾಡುವ ಸಂದು ಬಿಡುತ್ತಿದ್ದುದು ಮನುಷ್ಯರಿಗಲ್ಲ, ಭತ್ತಕ್ಕೆ: ಹಲಗೆಯ ಪಣತವನ್ನು ನೆಲದಿಂದ ಎತ್ತರಿಸಿ ಕೂರಿಸುತ್ತಿದ್ದರು. ಮನುಷ್ಯರಿಗೆ ಕೂರಲು ಮಣೆ, ಮಲಗಲು ಚಾಪೆಯ ಮೇಲೆ ಕಂಬಳಿ. ಶಾಖ ತಡೆಯುವ ನಿಜವಾದ ಪದರ ಇದ್ದುದು ತಲೆಯ ಮೇಲೆ. ಹಲಗೆಯ ಮುಚ್ಚಿಗೆಯ ಮೇಲೆ ಮಣ್ಣು ಹರವಿದರೆ ಬೇಸಿಗೆಯ ಧಗೆ ಒಳಕ್ಕೆ ಇಳಿಯುವುದಿಲ್ಲ. ಹುಲ್ಲಿನ ಮಾಡಿಗೆ ಬೆಂಕಿ ಬಿದ್ದರೂ ಒಳಮನೆ ಉಳಿದೀತು.

ಬದಲಾವಣೆ ತಂದದ್ದು ರೈಲು ಮತ್ತು ಕಾರ್ಖಾನೆ. ಬೀರೂರು–ಶಿವಮೊಗ್ಗ ರೈಲು ಮಾರ್ಗ 1899ರಲ್ಲಿ ತೆರೆಯಿತು. ಬೆಂಕಿಪುರವೆಂದಿದ್ದ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. 1930ರ ದಶಕದ ಕೊನೆಗೆ ಅದೇ ಆವರಣದಲ್ಲಿ ಸಿಮೆಂಟೂ ತಯಾರಾಗತೊಡಗಿತು. ಸಿಮೆಂಟಿನ ಜೊತೆ ಬಂದದ್ದು ರೆಡ್ ಆಕ್ಸೈಡ್ ನೆಲ. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ, ಕರಣೆಯಿಂದ ಹೊಳಪು ಬರುವವರೆಗೆ ತೀಡಿ, ದಿನಗಟ್ಟಲೆ ನೀರು ನಿಲ್ಲಿಸಿ ಹದಗೊಳಿಸಿದರೆ ತಲೆಮಾರು ಬಾಳುತ್ತದೆ. ಮನೆಯವರಿಗೆ ಸಾರಿಸುವ ಕಷ್ಟ ತಪ್ಪಿತು. ಸಿಮೆಂಟು ನೆಲ ಅಂತಸ್ತಿನ ಗುರುತೂ ಆಯಿತು.

ತಂಡಿ ಮಾತ್ರ ಹೋಗಲಿಲ್ಲ, ದಾರಿ ಬದಲಿಸಿತು. ಗಟ್ಟಿ ನೆಲದ ಮೂಲಕ ಆರಲಾಗದ ತೇವ ಗೋಡೆಯ ಬುಡ ಹಿಡಿದು ಮೇಲೇರಿ, ಮೊಳಕಾಲೆತ್ತರದಲ್ಲಿ ಸುಣ್ಣ ಉದುರಿಸತೊಡಗಿತು. ಮಳೆಗಾಲದಲ್ಲಿ ನುಣುಪು ನೆಲ ಬೆವರುವುದು ಬೇರೆಯೇ ಸಂಗತಿ. ಹೊರಗಿನ ತೇವದ ಗಾಳಿ ತಣ್ಣನೆಯ ನೆಲಕ್ಕೆ ತಾಗಿ ಹನಿಯಾಗುವುದೇ ಅದರ ಕಾರಣ. ಎರಡನ್ನೂ ಒಂದೇ ಎಂದುಕೊಂಡು ಗೋಡೆಗೆ ಮತ್ತೆ ಮತ್ತೆ ಸಿಮೆಂಟು ಮೆತ್ತುವವರು ಈಗಲೂ ಇದ್ದಾರೆ. ಏರುವ ತೇವಕ್ಕೆ ಮದ್ದು ಪಾಯದಲ್ಲಿದೆ: ತುಂಬಿದ ಮಣ್ಣಿನ ಮೇಲೆ ದಪ್ಪ ಜಲ್ಲಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಬಳಿಕ ಕಾಂಕ್ರೀಟು, ಗೋಡೆ ಏಳುವ ಮೊದಲು ಪಾಯದ ಮೇಲೆ ನೀರು ತಡೆಯುವ ಪಟ್ಟಿ. ಬೆವರುವ ನೆಲಕ್ಕೆ ಇವು ಸಾಲವು. ಕಾಂಕ್ರೀಟಿನಡಿ ಶಾಖ ತಡೆಯುವ ಹಲಗೆ ಬೇಕು, ಇಲ್ಲವೇ ಒದ್ದೆ ಗಾಳಿ ಬೀಸುವ ಹೊತ್ತು ಕಿಟಕಿ ಮುಚ್ಚಿರಬೇಕು.