ಮಳೆಗೆ ಎದುರಾದ ಗೋಡೆ: ಕರಾವಳಿಯ ಮನೆಗಳ ಹೊರಹೊದಿಕೆಯ ಇತಿಹಾಸ

ಪಶ್ಚಿಮ ಘಟ್ಟಕ್ಕೂ ಅರಬ್ಬಿ ಸಮುದ್ರಕ್ಕೂ ನಡುವಣ ಕಿರಿದಾದ ನೆಲದಲ್ಲಿ ಮನೆ ಕಟ್ಟುವವರಿಗೆ ಎದುರಾಗುವ ಮೊದಲ ಪ್ರಶ್ನೆ ಮಳೆಯದು. ಕರ್ನಾಟಕದ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ ಮತ್ತು ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲೇ ಬಂದುಬಿಡುತ್ತದೆ. ನೇರವಾಗಿ ಬೀಳುವ ನೀರನ್ನು ಮಾಡು, ಎಂದರೆ ಇಳಿಜಾರಾದ ಚಾವಣಿ, ತಡೆಯಬಲ್ಲುದಾದರೂ ನೈರುತ್ಯದ ಗಾಳಿ ಓರೆಯಾಗಿ ಹೊತ್ತುತರುವ ಎರಚಲು ಗೋಡೆಗೇ ಬಡಿಯುತ್ತದೆ, ಅಂಗಳಕ್ಕೆ ಬಿದ್ದು ಸಿಡಿಯುವ ಹನಿ ಗೋಡೆಯ ಬುಡವನ್ನು ಕೊರೆಯುತ್ತದೆ, ಒಳಗಿಳಿದ ತೇವ ಆರುವ ಮೊದಲೇ ಮತ್ತೊಂದು ಮಳೆ ಹಿಡಿಯುತ್ತದೆ. ಗೋಡೆಯ ಹೊರಮೈಗೆ ಏನನ್ನು ಹೊದಿಸಬೇಕೆಂಬ ಪ್ರಶ್ನೆ ಇಲ್ಲಿ ಅಂದಚೆಂದಕ್ಕಿಂತ ಮೊದಲು ಮನೆಯ ಆಯುಷ್ಯಕ್ಕೆ ಸಂಬಂಧಿಸಿದುದಾಗಿತ್ತು.

ಬಹುಜನರ ಗೋಡೆ ಮಣ್ಣಿನದಾಗಿತ್ತು. ಕಲಸಿ ತುಳಿದು ಹದಗೊಳಿಸಿದ ಮಣ್ಣನ್ನು ವರಸೆ ವರಸೆಯಾಗಿ ಏರಿಸಿ ಕಟ್ಟಿದ ಈ ಗೋಡೆ ಒಣಗಿರುವಷ್ಟು ಕಾಲ ಗಟ್ಟಿಯಾಗಿಯೇ ಇರುತ್ತದೆ, ನೆನೆದರೆ ಮಾತ್ರ ಕರಗತೊಡಗುತ್ತದೆ. ಆದ್ದರಿಂದ ಮುಳಿಹುಲ್ಲಿನ ಮಾಡನ್ನು ಗೋಡೆಯಿಂದ ಬಹಳ ಮುಂದಕ್ಕೆ ಚಾಚಿ ಕೆಳಕ್ಕೆ ಇಳಿಸುತ್ತಿದ್ದರು. ಅದೂ ಸಾಲದ ಕಡೆ ತೆಂಗಿನ ಮಡಲು ಅಥವಾ ಅಡಿಕೆಯ ಸೋಗೆಯಿಂದ ಹೆಣೆದ ತಟ್ಟಿಗಳನ್ನು ಮಳೆಗಾಲಕ್ಕೆ ಮುನ್ನ ಗಾಳಿಗೆ ಎದುರಾದ ಗೋಡೆಗಳ ಹೊರಗೆ ಕಟ್ಟಿ, ಮಳೆ ಕಳೆದ ಮೇಲೆ ಬಿಚ್ಚಿ ತೆಗೆಯುತ್ತಿದ್ದರು. ಈ ತಟ್ಟಿಯ ಬಾಳಿಕೆ ಒಂದೆರಡು ಮಳೆಗಾಲಗಳಿಗೆ ಮೀರಿದ್ದಲ್ಲ. ಆದರೆ ಅದು ಕೊಳೆತು ಹೋಗುವುದರಿಂದಲೇ ಒಳಗಿನ ಗೋಡೆ ತಲೆಮಾರುಗಳ ಕಾಲ ಉಳಿಯುತ್ತಿತ್ತು. ತೋಟದಿಂದಲೇ ದೊರಕುವ, ಮನೆಯವರೇ ಹೆಣೆಯಬಲ್ಲ, ಹಾಳಾದರೆ ಗೊಬ್ಬರಗುಂಡಿಗೆ ಸೇರುವ ವಸ್ತುವನ್ನು ಮಳೆಗೆ ಒಡ್ಡಿ, ಶ್ರಮದಿಂದ ಕಟ್ಟಿದ ಗೋಡೆಯನ್ನು ಕಾಪಾಡಿಕೊಳ್ಳುವ ಈ ಕ್ರಮದಲ್ಲಿ ಆಳವಾದ ತಿಳಿವಳಿಕೆಯಿದೆ.

ಇದೇ ಏರ್ಪಾಡು ಕಲ್ಲಿನಲ್ಲಿಯೂ ಮೂಡಿದ್ದುಂಟು. 16ನೆಯ ಶತಮಾನದ ಭಟ್ಕಳದ ಕೇತಪಯ್ಯ ನಾರಾಯಣ ದೇವಸ್ಥಾನದಲ್ಲಿ ಇಳಿಜಾರು ಮಾಡಿನ ಕೆಳಗೆ ಮರದ ಪಟ್ಟಿಗಳ ಜೋಡಣೆಯನ್ನು ಹೋಲುವ ಕಲ್ಲಿನ ತಡಿಕೆಗಳನ್ನು ನಿಲ್ಲಿಸಲಾಗಿದ್ದು, ಬೆಳಕು ಗಾಳಿಗಳನ್ನು ಒಳಬಿಟ್ಟು ಎರಚಲನ್ನು ತಡೆಯುವ ಮರಗೆಲಸದ ಉಪಾಯವನ್ನು ಶಿಲ್ಪಿಗಳು ಕಲ್ಲಿಗೆ ತಂದಿರುವುದು ಅಲ್ಲಿ ಕಾಣುತ್ತದೆ.

ಅನುಕೂಲಸ್ಥರ ಮನೆಗಳಿಗೂ ಕೋಟೆಗಳಿಗೂ ಒದಗಿದ ಕಲ್ಲು ಬೇರೆ. ಭೂಗೋಳದ ಪುಸ್ತಕಗಳು ಜಂಬಿಟ್ಟಿಗೆ ಎನ್ನುವ, ಕರಾವಳಿಯ ಜನ ಮುರಕಲ್ಲು, ಚಿರೆಕಲ್ಲು ಅಥವಾ ಕೆಂಪುಕಲ್ಲು ಎಂದು ಕರೆಯುವ ಇದು ಬಿಸಿಲು ಮಳೆಗಳ ಸತತ ಹೊಡೆತಕ್ಕೆ ಮೂಲಶಿಲೆ ಶಿಥಿಲವಾಗಿ, ಕರಗುವ ಅಂಶಗಳೆಲ್ಲ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಉಳಿದು ರೂಪುಗೊಂಡುದು. ಟಿಪ್ಪುವಿನ ಪತನದ ನಂತರ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ 1800ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳ ಸಮೀಕ್ಷೆಗೆ ಹೊರಟ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮಲಬಾರಿನ ಅಂಗಡಿಪುರಂ ಬಳಿ ಈ ಕಲ್ಲನ್ನು ಗಮನವಿಟ್ಟು ನೋಡಿದನು. ನೆಲದೊಳಗಿರುವಾಗ ಕಬ್ಬಿಣದ ಉಪಕರಣದಿಂದ ಸುಲಭವಾಗಿ ಕತ್ತರಿಸಲು ಬರುವ ಇದು ಗಾಳಿಗೆ ತೆರೆದುಕೊಂಡ ಮೇಲೆ ಗಟ್ಟಿಯಾಗುತ್ತದೆಂದೂ ಗಾಳಿ ನೀರುಗಳನ್ನು ತಾನು ಭಾರತದಲ್ಲಿ ಕಂಡ ಇಟ್ಟಿಗೆಗಳಿಗಿಂತ ಚೆನ್ನಾಗಿ ತಡೆಯುತ್ತದೆಂದೂ ಅವನು ದಾಖಲಿಸಿದನು. 1807ರಲ್ಲಿ ಪ್ರಕಟವಾದ ಅವನ ಪ್ರವಾಸಗ್ರಂಥದ ಮೂಲಕವೇ ಲ್ಯಾಟರೈಟ್ ಎಂಬ ಹೆಸರು ವಿಜ್ಞಾನಕ್ಕೆ ಬಂದಿತು. ಕಲ್ಲುಕೋರೆಯ ಕೆಲಸಗಾರರಿಗೆ ಈ ಗುಣ ಮೊದಲೇ ತಿಳಿದಿತ್ತು ಎಂಬುದಕ್ಕೆ ಮಿರ್ಜಾನ್ ಮತ್ತು ಬೇಕಲದಂಥ ಹಳೆಯ ಕೋಟೆಗಳೇ ಸಾಕ್ಷಿ.

ಆದರೂ ಕೆಂಪುಕಲ್ಲು ರಂಧ್ರಮಯವಾದುದು. ಗಟ್ಟಿಯಾದ ಮೇಲೂ ಅದು ನೀರನ್ನು ಹೀರುತ್ತದೆ, ಬರಿಮೈಯಲ್ಲಿ ಬಿಟ್ಟರೆ ಪಾಚಿ ಹಿಡಿದು ಕಪ್ಪಾಗುತ್ತದೆ. ಆದ್ದರಿಂದ ವಾಸದ ಮನೆಗಳಲ್ಲಿ ಅದರ ಮೇಲೆ ಸುಣ್ಣದ ಗಾರೆ ಬಳಿಯುವ ವಾಡಿಕೆ ಬೆಳೆಯಿತು. ಸುಣ್ಣದ ಕಲ್ಲು ವಿರಳವಾದ ಕರಾವಳಿಗೆ ಅಳಿವೆಗಳು, ಎಂದರೆ ನದಿ ಸಮುದ್ರ ಸೇರುವ ಜಾಗಗಳು, ಚಿಪ್ಪನ್ನು ಧಾರಾಳವಾಗಿ ಒದಗಿಸಿದವು. ಚಿಪ್ಪನ್ನು ಗೂಡಿನಲ್ಲಿ ಸುಟ್ಟು, ನೀರು ಹಾಕಿ ಅರಳಿಸಿ, ಮರಳಿನೊಡನೆ ಅರೆದು ಸಿದ್ಧಪಡಿಸಿದ ಗಾರೆ, ಸುಡುವಾಗ ಕಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಗಾಳಿಯಿಂದ ಮತ್ತೆ ಹೀರಿಕೊಂಡು ನಿಧಾನವಾಗಿ ಕಲ್ಲಾಗುತ್ತದೆ. ಅದರ ಸೂಕ್ಷ್ಮ ರಂಧ್ರಗಳ ಮೂಲಕ ಗೋಡೆಯೊಳಗಿನ ತೇವ ಆವಿಯಾಗಿ ಹೊರಹೋಗಬಲ್ಲುದು, ಸಣ್ಣ ಬಿರುಕುಗಳನ್ನು ಕರಗಿದ ಸುಣ್ಣವೇ ಮತ್ತೆ ತುಂಬಬಲ್ಲುದು. ಮಳೆ ಮುಗಿದ ಮೇಲೆ ಮತ್ತೆ ಮತ್ತೆ ಬಳಿಯುವ ಸುಣ್ಣದ ತಿಳಿ ಮನೆಯನ್ನು ಬೆಳ್ಳಗಾಗಿಸುವುದರ ಜೊತೆಗೆ ಆ ಹೊರಪದರವನ್ನು ನವೀಕರಿಸುತ್ತಲೂ ಇತ್ತು.

1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದಾಗ ಬದಲಾದುದು ಮಾಡಿನ ಹೊದಿಕೆ ಮಾತ್ರವಲ್ಲ. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಮಂಗಳೂರು ಹೆಂಚು ಹುಲ್ಲಿನಂತೆ ಆಗಾಗ ಬದಲಿಸಬೇಕಾದುದಲ್ಲ, ಬೆಂಕಿಗೆ ಅಂಜಬೇಕಾದುದೂ ಅಲ್ಲ. ಆದರೆ ಮನೆಗೆ ಉಪ್ಪರಿಗೆ ಬಂದಷ್ಟೂ ಮಾಡಿನ ಅಂಚಿಗೂ ಗೋಡೆಯ ಬುಡಕ್ಕೂ ಅಂತರ ಹೆಚ್ಚಿ, ಗೋಡೆಯ ಹೆಚ್ಚಿನ ಭಾಗ ಎರಚಲಿಗೆ ತೆರೆದುಕೊಳ್ಳುತ್ತದೆ. ಮಡಲಿನ ತಟ್ಟಿ ಮಾಡುತ್ತಿದ್ದ ಕೆಲಸಕ್ಕೆ ಕ್ರಮೇಣ ತಗಡು ಬಂದಿತು. ಘಟ್ಟದ ಮೇಲಿನ ಊರುಗಳಲ್ಲಿ ಗಾಳಿಗೆ ಎದುರಾದ ಗೋಡೆಗೆ ತಗಡು ಹೊಡೆಯುವುದು ಅದೇ ಕ್ರಮದ ಮುಂದುವರಿಕೆ.

ಸಿಮೆಂಟು ಈ ಪರಂಪರೆಯನ್ನು ಕಡಿಯಿತು. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಹಕ್ಕುಪತ್ರ ಪಡೆದ ಪೋರ್ಟ್‌ಲ್ಯಾಂಡ್ ಸಿಮೆಂಟು 1914ರಲ್ಲಿ ಪೋರಬಂದರಿನಲ್ಲಿ ತಯಾರಾಗತೊಡಗಿ, ಮುಂದಿನ ದಶಕಗಳಲ್ಲಿ ಸುಣ್ಣದ ಗೂಡುಗಳನ್ನು ಮೂಲೆಗೆ ತಳ್ಳಿತು. ಬೇಗ ಗಟ್ಟಿಯಾಗುವ, ವರ್ಷವರ್ಷದ ಆರೈಕೆ ಬೇಡವೆನ್ನಿಸುವ ಈ ಲೇಪವನ್ನು ಜನ ಮೆಚ್ಚಿದ್ದು ಸಹಜವೇ. ಆದರೆ ಹಳೆಯ ಮಣ್ಣಿನ ಗೋಡೆಗೂ ಕೆಂಪುಕಲ್ಲಿನ ಗೋಡೆಗೂ ಅದನ್ನೇ ಮೆತ್ತಿದಾಗ, ತನ್ನ ಕೆಳಗಿನ ಗೋಡೆಗಿಂತ ಬಿರುಸಾದ ಆ ಪದರ ಗೋಡೆಯೊಡನೆ ಹೊಂದಿಕೊಳ್ಳದೆ ಕೂದಲೆಳೆಯಂತೆ ಸೀಳಿತು, ಸೀಳಿನಲ್ಲಿ ಇಳಿದ ನೀರು ಹೊರಬರಲು ದಾರಿ ಕಾಣದೆ ಒಳಗೇ ನಿಂತಿತು, ಕೊನೆಗೆ ಲೇಪ ಹಲಗೆ ಹಲಗೆಯಾಗಿ ಕಳಚಿ ಬೀಳುವಾಗ ಒಳಗಿನ ಗೋಡೆಯ ಮೈಯನ್ನೂ ಕಿತ್ತುಕೊಂಡು ಬಂದಿತು.

ಬಾಳಿಕೆಯೆಂಬುದು ಯಾವುದೋ ಒಂದು ವಸ್ತುವಿನ ಗಡಸುತನದಲ್ಲಿ ನೆಲೆಸಿಲ್ಲ, ಮಾಡು, ಹೊದಿಕೆ, ಗೋಡೆ, ಅಡಿಪಾಯ ಪರಸ್ಪರ ಒಪ್ಪಿ ನಡೆಯುವುದರಲ್ಲಿದೆ ಎಂಬುದು ಈ ಇತಿಹಾಸದ ಸಾರ. ಹೊರಹೊದಿಕೆಯನ್ನು ಆರಿಸುವವರು ಅದು ಎಷ್ಟು ವರ್ಷ ಉಳಿದೀತೆಂದು ಕೇಳುವ ಮೊದಲು, ಒಳಗಿನ ತೇವವನ್ನು ಅದು ಹೊರಬಿಡುವುದೇ, ಗೋಡೆಗಿಂತ ಮೃದುವಾಗಿ ಉಳಿದು ತಾನೇ ಮೊದಲು ಸವೆಯುವುದೇ, ಸವೆದಾಗ ಊರಿನ ಕೈಗಳೇ ಅದನ್ನು ಮತ್ತೆ ಕಟ್ಟಬಲ್ಲವೇ ಎಂದು ಕೇಳಬೇಕು. ತಟ್ಟಿ ಹೆಣೆದವರೂ ಚಿಪ್ಪು ಸುಟ್ಟವರೂ ಈ ಮೂರು ಪ್ರಶ್ನೆಗಳಿಗೂ ತಮ್ಮ ಕೆಲಸದಲ್ಲೇ ಉತ್ತರ ಕೊಟ್ಟಿದ್ದರು, ಹೊಸ ವಸ್ತು ಯಾವುದೇ ಬರಲಿ, ಅದನ್ನು ಒರೆಹಚ್ಚಿ ನೋಡಲು ಆ ಉತ್ತರಗಳು ಇಂದಿಗೂ ಸಲ್ಲುತ್ತವೆ.