ಫ್ಲೈ ಫಿಶಿಂಗ್: ಕರ್ನಾಟಕದ ಬೇಸಿಗೆ ನದಿಗಳಲ್ಲಿ

ಫ್ಲೈ ಫಿಶಿಂಗ್ ಗಾಳ ಹಾಕುವ ಒಂದು ವಿಧಾನ. ಕೊಕ್ಕೆಗೆ ನೂಲು, ಗರಿ, ಕೂದಲು ಸುತ್ತಿ ಹುಳುವಿನ ಇಲ್ಲವೆ ಮರಿಮೀನಿನ ರೂಪ ಕೊಡುತ್ತಾರೆ. ‘ಫ್ಲೈ’ ಎನ್ನುವ ಈ ಹುಸಿ ಎರೆಯ ತೂಕ ಇಲ್ಲವೆನ್ನುವಷ್ಟು ಕಡಿಮೆ. ಸಾಮಾನ್ಯ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದೊಯ್ದರೆ, ಇಲ್ಲಿ ದಪ್ಪನೆಯ ದಾರದ ಭಾರವೇ ಎರೆಯನ್ನು ದೂರಕ್ಕೆ ಒಯ್ಯುತ್ತದೆ. ಈಗ ಬಳಕೆಯಲ್ಲಿರುವ ರೂಪದಲ್ಲಿ ಇದು ಬೆಳೆದದ್ದು ಬ್ರಿಟನ್ನಿನ ತಣ್ಣನೆಯ ಹೊಳೆಗಳಲ್ಲಿ, ಟ್ರೌಟ್ ಮತ್ತು ಸಾಲ್ಮನ್ ಮೀನುಗಳಿಗಾಗಿ. ಆದ್ದರಿಂದ ಇದರ ಹೆಚ್ಚಿನ ಪಾಠಗಳು ತಣ್ಣೀರನ್ನು ಕುರಿತವು. ಅವನ್ನು ಏಪ್ರಿಲ್ ತಿಂಗಳ ಕೃಷ್ಣೆಗೆ ಹಾಗೆಯೇ ತಂದು ಹಚ್ಚಲು ಬರುವುದಿಲ್ಲ.

ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನ ಗೂಗಲ್, ಕೃಷ್ಣೆಯ ಬಲದಂಡೆಯ ಊರು. ಅಲ್ಲಮಪ್ರಭು ದೇವಸ್ಥಾನದಿಂದ ಸುತ್ತಲಿನವರಿಗೆ ಪರಿಚಿತ. ಇಲ್ಲಿ ಹೊಳೆಗೆ ಅಡ್ಡಲಾಗಿ ಬ್ಯಾರೇಜ್ ಇದೆ. ಮೇಲ್ಭಾಗದಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ, ಕೆಳಗೆ ಸ್ವಲ್ಪ ದೂರದಲ್ಲಿ ಭೀಮಾ ಸಂಗಮ. ಬೇಸಿಗೆಯಲ್ಲಿ ಇಲ್ಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಹೊಳೆ ಬಂಡೆಗಳ ನಡುವೆ ಸೊರಗಿ ಅಲ್ಲಲ್ಲಿ ಮಡುವಾಗಿ ನಿಲ್ಲುತ್ತದೆ, ಮೀನುಗಳೆಲ್ಲ ಆ ಮಡುಗಳಿಗೆ ಸೇರಿಕೊಳ್ಳುತ್ತವೆ. ಹರಿಗೋಲು, ಬೀಸುಬಲೆ, ಎರೆಹುಳು ಇಲ್ಲವೆ ಹಿಟ್ಟಿನ ಉಂಡೆ ಸಿಕ್ಕಿಸಿದ ಗಾಳ: ಈ ದಂಡೆಯ ಮೀನುಗಾರಿಕೆ ನಡೆದು ಬಂದಿರುವುದು ಇವುಗಳಲ್ಲಿ. ಫ್ಲೈ ಗಾಳ ಇಲ್ಲಿಗೆ ಹೊಸದು.

ವಿನೋದಕ್ಕಾಗಿ ಗಾಳ ಹಾಕುವುದು ಮಾತ್ರ ಈ ಸೀಮೆಗೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಮೀನಿನ ಜಾತಿಗಳು, ಅವುಗಳ ಮೇವು, ಕೋಲು, ದಾರ, ಕೊಕ್ಕೆ, ಎರೆ ಎಲ್ಲವನ್ನೂ ಅದು ವಿವರಿಸುತ್ತದೆ. ಮೀನು ಶಾಸ್ತ್ರಜ್ಞ ಸುಂದರ ಲಾಲ್ ಹೋರಾ 1951ರಲ್ಲಿ ಈ ಭಾಗವನ್ನು ವಿಜ್ಞಾನ ಲೋಕದ ಗಮನಕ್ಕೆ ತಂದರು. ರಾಯಚೂರು ಸೀಮೆ ಆ ದೊರೆಯ ಆಳ್ವಿಕೆಗೆ ಸೇರಿತ್ತು ಎಂಬುದನ್ನು ನೆನೆದರೆ, ಗಾಳದ ಹವ್ಯಾಸವನ್ನು ಬ್ರಿಟಿಷರು ಕೊಟ್ಟದ್ದೆಂದು ಬರೆಯುವ ರೂಢಿಯನ್ನು ಕೈಬಿಡಲೇಬೇಕು. ಫ್ಲೈ ಗಾಳವನ್ನು ತಂದವರು ಅವರೇ ಎಂಬುದು ನಿಜ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಪ್ರಕಟಿಸಿದ ‘ದಿ ರಾಡ್ ಇನ್ ಇಂಡಿಯಾ’ ಇಲ್ಲಿನ ಹೊಳೆಗಳಲ್ಲಿ ಮಹಸೀರ್ ಎಂಬ ಮೀನನ್ನು ಹಿಡಿಯುವ ಕ್ರಮವನ್ನು ವಿಸ್ತಾರವಾಗಿ ಹೇಳಿತು.

ಸೆಕೆಗಾಲದಲ್ಲಿ ಗಾಳಗಾರ ಮೊದಲು ತಿಳಿಯಬೇಕಾದದ್ದು ನೀರಿನ ಉಸಿರು. ನೀರು ಕಾದಂತೆ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿಯಲ್ಲಿ ಒಂದು ಲೀಟರ್ ಶುದ್ಧ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಸುಮಾರು 7.5 ಮಿಲಿಗ್ರಾಂ ಮಾತ್ರ. ಅದೇ ಹೊತ್ತಿಗೆ ಮೀನಿನ ಮೈಯ ಬೇಡಿಕೆ ಏರುತ್ತದೆ. ಗಾಳಕ್ಕೆ ಸಿಕ್ಕಿ ಎಳೆದಾಡಿ ದಣಿದ ಮೀನನ್ನು ಬಿಟ್ಟುಬಿಟ್ಟರೆ ಅದು ಈಜಿ ಮರೆಯಾಗುತ್ತದೆ ನಿಜ, ಆದರೆ ಕೆಲವು ಗಂಟೆಗಳ ನಂತರ ಸಾಯಲೂಬಹುದು. ಅಮೆರಿಕದ ಮೊಂಟಾನಾದಲ್ಲಿ ಟ್ರೌಟ್ ಹೊಳೆಗಳು ಸತತ ಮೂರು ದಿನ ಸುಮಾರು 23 ಡಿಗ್ರಿ ಮುಟ್ಟಿದರೆ ಮಧ್ಯಾಹ್ನ 2 ಗಂಟೆಯಿಂದ ನಡುರಾತ್ರಿಯವರೆಗೆ ಗಾಳ ನಿಲ್ಲಿಸುವ ಕ್ರಮವಿದೆ. ನಮ್ಮ ಮೀನುಗಳು ಅದಕ್ಕಿಂತ ಬಿಸಿಯಾದ ನೀರಿಗೆ ಒಗ್ಗಿದವು, ಆ ಅಂಕಿ ಇಲ್ಲಿಗೆ ಹೊಂದದು. ಆದರೆ ಅದರ ಹಿಂದಿನ ಕಾರಣ ಇಲ್ಲಿಗೂ ಒಂದೇ.

ನಸುಕೇ ಒಳ್ಳೆಯ ಹೊತ್ತು ಎಂಬ ಪುಸ್ತಕದ ಮಾತನ್ನೂ ಇಲ್ಲಿ ಎಚ್ಚರದಿಂದ ಒಪ್ಪಬೇಕು. ಬಂಡೆಗಳ ನಡುವೆ ನೊರೆಯೆದ್ದು ಹರಿಯುವ ನೀರಿನಲ್ಲಿ ಅದು ಸರಿ. ಬ್ಯಾರೇಜಿನ ಹಿಂದೆ ಪಾಚಿ ಕಟ್ಟಿ ನಿಂತ ನೀರಿನಲ್ಲಿ ಹಾಗಲ್ಲ. ರಾತ್ರಿಯಿಡೀ ಪಾಚಿಯೂ ಉಸಿರಾಡುವುದರಿಂದ ಅಲ್ಲಿ ಆಮ್ಲಜನಕ ತೀರ ಕಡಿಮೆಯಿರುವುದು ಸೂರ್ಯ ಹುಟ್ಟುವ ಮೊದಲೇ. ಮೀನುಗಳು ಮೇಲೆ ಬಂದು ಬಾಯಿ ತೆರೆದು ನಿಂತಿರುವುದು ಕಂಡರೆ, ಅದು ಹಸಿವಿನ ಗುರುತಲ್ಲ, ಉಸಿರುಗಟ್ಟಿದ ಗುರುತು. ಆಗ ಗಾಳ ಹಾಕಬಾರದು.

ಈ ಲೆಕ್ಕಕ್ಕೆ ಸಿಗದ ಮೀನುಗಳೂ ಉಂಟು. ಕೊರವ, ಅವಲು ಮೀನುಗಳಿಗೆ ಕಿವಿರಿನ ಜೊತೆಗೆ ಗಾಳಿಯಿಂದಲೇ ಉಸಿರು ಎಳೆಯುವ ಅಂಗವಿದೆ. ಆಗಾಗ ಮೇಲೆ ಬಂದು ಗಾಳಿ ನುಂಗಿ ಇಳಿಯುತ್ತವೆ. ಬೇಟೆಗಾರ ಮೀನುಗಳಾದ್ದರಿಂದ ನೀರ ಮೇಲೆ ಕಪ್ಪೆಯಂತೆ ಸದ್ದು ಮಾಡಿ ಸಾಗುವ ಫ್ಲೈಗೆ ಎರಗುತ್ತವೆ. ಬೇಸಿಗೆಯ ಕೃಷ್ಣೆಯಲ್ಲಿ ಫ್ಲೈ ಗಾಳಕ್ಕೆ ತಕ್ಕ ಮೀನು ಇವೇ. ಕಟ್ಲಾ, ರೋಹು, ಕಾಗೆಮೀನುಗಳು ಹುಸಿ ಎರೆಗೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಆದರೆ ಒಂದು ಕಟ್ಟು ಇಲ್ಲೂ ಇದೆ: ಕೊರವದ ತಾಯಿತಂದೆ ಮರಿಗಳ ಹಿಂಡನ್ನು ಕಾಯುತ್ತವೆ. ಮೇಲ್ಮೈಯಲ್ಲಿ ಮರಿಗಳ ಗುಂಪು ಗಿಜಿಗುಡುವುದು ಕಂಡರೆ ಅದರ ಬಳಿ ಫ್ಲೈ ಬೀಸಬಾರದು. ಕಾವಲಿನ ಮೀನು ಸಿಟ್ಟಿನಿಂದ ಖಂಡಿತ ಕಚ್ಚುತ್ತದೆ. ಅದನ್ನು ಎತ್ತಿದ ಮೇಲೆ ಮರಿಗಳು ಬೇರೆ ಮೀನುಗಳ ಬಾಯಿಗೆ.

ವಿದೇಶದ ಫ್ಲೈ ಗಾಳಗಾರರು ಸೊಂಟದವರೆಗೆ ನೀರಿಗೆ ಇಳಿದು ನಿಲ್ಲುತ್ತಾರೆ. ರಾಯಚೂರು ಭಾಗದ ಕೃಷ್ಣೆಯಲ್ಲಿ ಮೊಸಳೆಗಳಿವೆ, ಮನುಷ್ಯರ ಮೇಲೆ ಎರಗಿದ್ದೂ ಉಂಟು. ನೀರು ಕಡಿಮೆಯಾದಾಗ ಅವು ಸೇರುವುದೂ ಮೀನು ತುಂಬಿದ ಅದೇ ಮಡುಗಳಿಗೆ. ಎತ್ತರದ ಬಂಡೆಯ ಮೇಲಿಂದ ಬೀಸುವುದೊಂದೇ ಇಲ್ಲಿನ ದಾರಿ. ಜಲಾಶಯದಿಂದ ನೀರು ಬಿಟ್ಟರೆ ಒಣಗಿದ ಪಾತ್ರವೂ ಬೇಗ ತುಂಬುತ್ತದೆ. ಸ್ಥಳೀಯ ಮೀನುಗಾರರನ್ನು ಕೇಳದೆ ಇಳಿಯುವುದು ಮೂರ್ಖತನ.

ಕರ್ನಾಟಕದ ಗಾಳಕ್ಕೆ ಲೋಕಪ್ರಸಿದ್ಧಿ ತಂದದ್ದು ಕಾವೇರಿ ಕೊಳ್ಳ. 1946ರ ಮಾರ್ಚ್‌ನಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ಅವರು ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮಹಸೀರ್ ಹಿಡಿದರು. ಕಾವೇರಿ ದಂಡೆಯ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಗಾಳದ ಶಿಬಿರಗಳಿಗೆ ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ ಹೊರದೇಶದವರು ಬರುತ್ತಿದ್ದರು. ಆದರೆ ಅಲ್ಲಿ ಹೆಚ್ಚು ನಡೆದದ್ದು ಫ್ಲೈ ಅಲ್ಲ, ರಾಗಿಯ ಉಂಡೆ. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಹೊಳೆಗೇ ಬಿಡುತ್ತಿದ್ದರು. ವನ್ಯಜೀವಿ ಕಾಯ್ದೆಯ ಕಾರಣದಿಂದ ಅಭಯಾರಣ್ಯದೊಳಗಿನ ಈ ಗಾಳ 2010ರ ನಂತರದ ವರ್ಷಗಳಲ್ಲಿ ನಿಂತಿತು.

ಶಿಬಿರಗಳಲ್ಲಿ ಬರೆದಿಟ್ಟ ಆ ಲೆಕ್ಕದಿಂದಲೇ ಒಂದು ನೋವಿನ ಸಂಗತಿ ಹೊರಬಿತ್ತು. 1998ರಿಂದ 2012ರವರೆಗಿನ ಗಾಳಗಾರರ ದಾಖಲೆ ನೋಡಿದ ಸಂಶೋಧಕರಿಗೆ, ಕಾವೇರಿಗೇ ವಿಶಿಷ್ಟವಾದ ಡುಬ್ಬದ ಮಹಸೀರ್ ಕುಸಿಯುತ್ತಿರುವುದೂ ನೀಲಿ ರೆಕ್ಕೆಯ ಮಹಸೀರ್ ಹೆಚ್ಚುತ್ತಿರುವುದೂ ಕಂಡಿತು. ಈ ನೀಲಿ ರೆಕ್ಕೆಯದು ಕೃಷ್ಣಾ ಕೊಳ್ಳದ ಮೀನು. 1839ರಲ್ಲಿ ನಿಸರ್ಗ ಶಾಸ್ತ್ರಜ್ಞ ಸೈಕ್ಸ್ ಇದನ್ನು ಮೊದಲು ವರ್ಣಿಸಿದ್ದು ಪುಣೆ ಬಳಿಯ ಹೊಳೆಯಿಂದ. ಆ ನೀರು ಭೀಮೆಯಾಗಿ ಹರಿದು ಗೂಗಲ್‌ನ ಕೆಳಗೆ ಕೃಷ್ಣೆಯನ್ನು ಸೇರುತ್ತದೆ. ಲೋಣಾವಳದ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿದ ಇದರ ಮರಿಗಳನ್ನು ಸದುದ್ದೇಶದಿಂದಲೇ ಕಾವೇರಿಗೆ ಬಿಡಲಾಗಿತ್ತು. ಡುಬ್ಬದ ಮಹಸೀರ್‌ಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.

ಇಂಥ ದಾಖಲೆ ಕೃಷ್ಣೆಗೂ ಬೇಕು, ಇಲ್ಲದಿದ್ದರೆ ಏನು ಕಳೆದುಕೊಂಡೆವೆಂಬುದೇ ತಿಳಿಯದು. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದನ್ನು ಕಾನೂನೇ ನಿಷೇಧಿಸಿದೆ. ನೀರಿಳಿದ ಬೇಸಿಗೆಯ ಮಡುವಿನಲ್ಲಿ ಒಂದೇ ಸಿಡಿತ ಆ ಹರವಿನ ಮೀನನ್ನೆಲ್ಲ ಮುಗಿಸಬಲ್ಲದು. ದಂಡೆಯ ಮೇಲೆ ಗಾಳ ಹಿಡಿದು ಕೂತವನು ನೀರಿನ ಬಿಸಿ, ಸಿಕ್ಕ ಮೀನಿನ ಜಾತಿ, ಅಳತೆಯನ್ನು ದಿನಾಂಕದೊಂದಿಗೆ ಬರೆದಿಡಬೇಕು. ಮುಳ್ಳಿಲ್ಲದ ಕೊಕ್ಕೆ, ಬೇಗ ಎಳೆದು ತರಬಲ್ಲ ಗಟ್ಟಿ ದಾರ, ಮೀನನ್ನು ತಡಮಾಡದೆ ಬಿಡಿಸುವ ಒದ್ದೆ ಕೈ: ಸೆಕೆಗಾಲಕ್ಕೆ ಇವು ಕಡ್ಡಾಯ. ಮಹಸೀರ್ ಇರುವ ಹೊಳೆಯಾದರೆ ಏಪ್ರಿಲ್, ಮೇ ತಿಂಗಳ ನಡುಹಗಲು ಗಾಳ ಎತ್ತಿಡುವುದೇ ಸರಿ.